ವರ್ಡ್‌ನಲ್ಲಿ ಬಣ್ಣ ತುಂಬುವುದು: ಅಕ್ಷರಕ್ಕೆ, ಪ್ಯಾರಾಕ್ಕೆ, ಟೇಬಲ್‌ಗೆ, ಪುಟಕ್ಕೆ

ಕನ್ನಡದಲ್ಲಿ ಒಂದು ಮಾತನ್ನು ಎದ್ದು ಕಾಣಿಸೋಕೆ ದಾರಿಗಳು ಕಡಿಮೆ. ಇಂಗ್ಲಿಷಿನವರ ಹಾಗೆ ಕ್ಯಾಪಿಟಲ್ ಅಕ್ಷರ ನಮಗಿಲ್ಲ. ಇಟಾಲಿಕ್ ಒತ್ತಿದರೆ ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಅಕ್ಷರ ಸುಮ್ನೆ ಬಲಕ್ಕೆ ವಾಲುತ್ತದೆ, ನೋಡೋಕೂ ಚೆಂದ ಇರುವುದಿಲ್ಲ. ಅಂಡರ್‌ಲೈನ್ ಹಾಕಿದರೆ ಗೆರೆ ಒತ್ತಕ್ಷರಗಳ ಮೇಲೇ ಹಾದುಹೋಗುತ್ತದೆ. ‘ಲೆಕ್ಕಪತ್ರ’ ಎಂದು ಟೈಪ್ ಮಾಡಿ ಅಂಡರ್‌ಲೈನ್ ಹಾಕಿ ನೋಡಿ, ಕೆಳಗಿನ ಒತ್ತುಗಳೆಲ್ಲ ಗೆರೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಇನ್ನು ಉಳಿಯುವುದು ಎರಡೇ: ಅಕ್ಷರ ದಪ್ಪ ಮಾಡುವುದು, ಹಿಂದೆ ಬಣ್ಣ ಹಾಕುವುದು. ದಪ್ಪ ಮಾಡುವುದು ಎಲ್ಲರಿಗೂ ಗೊತ್ತು. ಬಣ್ಣದ ವಿಷಯಕ್ಕೆ ಬಂದಾಗಲೇ ಗೋಜಲು ಶುರುವಾಗುವುದು.

ಆ ಗೋಜಲಿಗೆ ಕಾರಣ ಒಂದೇ. ವರ್ಡ್‌ನಲ್ಲಿ ಬಣ್ಣ ಕೂರುವ ಜಾಗ ಒಂದಲ್ಲ, ಐದು. ಅಕ್ಷರದ ಹಿಂದೆ, ಪ್ಯಾರಾದ ಹಿಂದೆ, ಟೇಬಲ್ಲಿನ ಖಾನೆಯೊಳಗೆ, ಚೌಕ-ವೃತ್ತದಂಥ ಆಕಾರದೊಳಗೆ, ಇಡೀ ಪುಟದ ಹಿಂದೆ. ಹಾಕುವ ಬಟನ್ ಬೇರೆ ಬೇರೆ, ತೆಗೆಯುವ ಬಟನ್ನೂ ಬೇರೆ ಬೇರೆ. ಒಂದು ಕಡೆ ಹಾಕಿದ್ದನ್ನು ಇನ್ನೊಂದು ಕಡೆಯಿಂದ ತೆಗೆಯೋಕೆ ಹೋದರೆ ಅದು ಹೋಗುವುದಿಲ್ಲ, ಅಷ್ಟೇ.

ಉದಾಹರಣೆಗೆ ಒಂದು ಬಡಾವಣೆಯ ನಿವಾಸಿಗಳ ಸಂಘದ ವಾರ್ಷಿಕ ಸಭೆಯ ನೋಟಿಸ್ ಇಟ್ಟುಕೊಳ್ಳೋಣ. ಮೇಲೆ ಸಂಘದ ಹೆಸರು, ಕೆಳಗೆ ದಿನಾಂಕ-ಸಮಯ-ಸ್ಥಳದ ಒಂದು ಬಾಕ್ಸ್, ಆಮೇಲೆ ಸಭೆಯ ಕಾರ್ಯಸೂಚಿ, ಕೊನೆಗೆ ಜಮಾ-ಖರ್ಚಿನ ಟೇಬಲ್. ಪ್ರಿಂಟ್ ತೆಗೆದು, ಜೆರಾಕ್ಸ್ ಮಾಡಿಸಿ, ಮನೆಮನೆಗೆ ಹಂಚುವಂಥದ್ದು. ನಾನಿಲ್ಲಿ ಹೇಳುವ ಮೆನು ಹೆಸರುಗಳೆಲ್ಲ ವಿಂಡೋಸ್‌ನಲ್ಲಿರುವ ಇಂಗ್ಲಿಷ್ ಮೈಕ್ರೋಸಾಫ್ಟ್ ವರ್ಡ್‌ನವು.

ಹೈಲೈಟ್ ಬೇರೆ, ಶೇಡಿಂಗ್ ಬೇರೆ

ಹೋಮ್ ಟ್ಯಾಬಿನಲ್ಲಿ ಹಿಂದೆ ಬಣ್ಣ ಹಾಕುವ ಬಟನ್‌ಗಳು ಎರಡಿವೆ. ಫಾಂಟ್ ಗುಂಪಿನಲ್ಲಿ ಮಾರ್ಕರ್ ಪೆನ್ನಿನ ಚಿತ್ರ ಇರುವುದು ಟೆಕ್ಸ್ಟ್ ಹೈಲೈಟ್ ಕಲರ್. ಪ್ಯಾರಾಗ್ರಾಫ್ ಗುಂಪಿನಲ್ಲಿ ಬಣ್ಣದ ಡಬ್ಬಿ ವಾಲಿಸಿದ ಚಿತ್ರ ಇರುವುದು ಶೇಡಿಂಗ್.

ಹೈಲೈಟ್‌ನಲ್ಲಿ ಸಿಗುವುದು 15 ಬಣ್ಣ ಮಾತ್ರ, ಬಹುಪಾಲು ಕಣ್ಣಿಗೆ ಹೊಡೆಯುವಂಥವು. ಅದು ಇರುವುದೇ ಕರಡು ತಿದ್ದುವಾಗ ಗುರುತು ಹಾಕೋಕೆ. ‘ಈ ಮೊತ್ತ ಖಜಾಂಚಿಯವರನ್ನು ಕೇಳಬೇಕು’ ಎನ್ನುವ ಕಡೆ ಹಳದಿ ಬಳಿಯಿರಿ, ಕೇಳಿಯಾದ ಮೇಲೆ ತೆಗೆಯಿರಿ. ಅಂತಿಮ ಪ್ರತಿಯಲ್ಲಿ ಹೈಲೈಟ್ ಉಳಿದಿದ್ದರೆ ಓದುವವರಿಗೆ ಕೆಲಸ ಅರ್ಧಕ್ಕೇ ಬಿಟ್ಟ ಹಾಗೆ ಕಾಣುತ್ತದೆ. ಎಲ್ಲ ಹೈಲೈಟನ್ನೂ ಒಟ್ಟಿಗೆ ತೆಗೆಯೋಕೆ ಕಂಟ್ರೋಲ್-ಎ ಒತ್ತಿ, ಅದೇ ಮಾರ್ಕರ್ ಬಟನ್ನಿನ ಬಾಣದಲ್ಲಿ ನೋ ಕಲರ್ ಆರಿಸಿದರೆ ಸಾಕು.

ಓದುಗರ ಕೈಗೆ ಹೋಗುವ ಕಾಗದಕ್ಕೆ ಬೇಕಾದದ್ದು ಶೇಡಿಂಗ್. ಇದರಲ್ಲಿ ಯಾವ ಬಣ್ಣ ಬೇಕಾದರೂ ಸಿಗುತ್ತದೆ, ಎಷ್ಟು ತೆಳುವಾಗಿ ಬೇಕಾದರೂ ಸಿಗುತ್ತದೆ.

ದಿನಾಂಕದ ಬಾಕ್ಸ್

ಮೊದಲು ಮೂರು ಸಾಲು ಟೈಪ್ ಮಾಡಿ: ದಿನಾಂಕ, ಸಮಯ, ಸ್ಥಳ. ಒಂದು ಸಾಲಿನಿಂದ ಮುಂದಿನದಕ್ಕೆ ಹೋಗುವಾಗ ಬರೀ ಎಂಟರ್ ಬೇಡ, ಶಿಫ್ಟ್-ಎಂಟರ್ ಒತ್ತಿ. ಆಗ ಮೂರೂ ಸಾಲು ಒಂದೇ ಪ್ಯಾರಾ ಆಗಿ ಉಳಿಯುತ್ತವೆ, ನಡುವೆ ಬಿಳಿ ಪಟ್ಟಿ ಬೀಳುವ ಪ್ರಶ್ನೆಯೇ ಬರುವುದಿಲ್ಲ.

ಈಗ ಆ ಪ್ಯಾರಾದ ಮೇಲೆ ಮೌಸಿನಿಂದ ಪಟಪಟನೆ ಮೂರು ಸಲ ಕ್ಲಿಕ್ ಮಾಡಿ. ಇಡೀ ಪ್ಯಾರಾ ಸೆಲೆಕ್ಟ್ ಆಗುತ್ತದೆ. ಶೇಡಿಂಗ್ ಬಟನ್ನಿನ ಪಕ್ಕದ ಬಾಣ ಒತ್ತಿ ತೆಳು ಬಣ್ಣ ಒಂದನ್ನು ಆರಿಸಿ. ಎಡ ಅಂಚಿನಿಂದ ಬಲ ಅಂಚಿನವರೆಗೆ ಪಟ್ಟಿ ಬಂತಲ್ವಾ? ಹಾಗೆ ಬರದೆ ಅಕ್ಷರಗಳ ಹಿಂದೆ ಮಾತ್ರ, ಸಾಲಿನ ಉದ್ದಕ್ಕೆ ತಕ್ಕಂತೆ ಗಿಡ್ಡ-ಉದ್ದವಾಗಿ ಬಣ್ಣ ಬಂದಿದ್ದರೆ, ನೀವು ಪ್ಯಾರಾದ ಬದಲು ಬರೀ ಪದಗಳನ್ನು ಸೆಲೆಕ್ಟ್ ಮಾಡಿದ್ದೀರಿ ಎಂದು ಅರ್ಥ. ಕಂಟ್ರೋಲ್-ಜೆಡ್ ಒತ್ತಿ ಇನ್ನೊಮ್ಮೆ ಮಾಡಿ.

ಇಷ್ಟಕ್ಕೇ ನಿಲ್ಲಿಸಿದರೂ ಕೆಲಸ ನಡೆಯುತ್ತದೆ. ಆದರೆ ಹತ್ತಿರದಿಂದ ನೋಡಿ. ಬಣ್ಣ ಅಕ್ಷರಕ್ಕೆ ಅಂಟಿಕೊಂಡೇ ಮುಗಿದಿರುತ್ತದೆ. ಮೇಲಿನ ಗುಡಿಸು ಬಣ್ಣದ ಮೇಲಂಚಿಗೆ, ಕೊನೆ ಸಾಲಿನ ಒತ್ತಕ್ಷರ ಕೆಳಂಚಿಗೆ ತಾಗಿದ ಹಾಗೆ ಕಾಣುತ್ತದೆ. ಸುತ್ತ ಸ್ವಲ್ಪ ಉಸಿರಾಡೋಕೆ ಜಾಗ ಬೇಕು. ಅದಕ್ಕೆ ಹೀಗೆ ಮಾಡಿ:

1. ಪ್ಯಾರಾ ಸೆಲೆಕ್ಟ್ ಆಗಿರಲಿ. ಶೇಡಿಂಗ್ ಪಕ್ಕದಲ್ಲೇ ಇರುವ ಬಾರ್ಡರ್ಸ್ ಬಟನ್ನಿನ ಬಾಣ ಒತ್ತಿ, ಪಟ್ಟಿಯ ಕೊನೆಯಲ್ಲಿರುವ ಬಾರ್ಡರ್ಸ್ ಆ್ಯಂಡ್ ಶೇಡಿಂಗ್ ತೆರೆಯಿರಿ.
2. ಬಾರ್ಡರ್ಸ್ ಟ್ಯಾಬಿನಲ್ಲಿ ಬಾಕ್ಸ್ ಆರಿಸಿ. ಗೆರೆಯ ಬಣ್ಣವಾಗಿ ಒಳಗೆ ಹಾಕಿದ ಬಣ್ಣವನ್ನೇ ಕೊಡಿ. ಗೆರೆ ಇರುತ್ತದೆ, ಆದರೆ ಕಾಣುವುದಿಲ್ಲ.
3. ಅಪ್ಲೈ ಟು ಎನ್ನುವ ಕಡೆ ಪ್ಯಾರಾಗ್ರಾಫ್ ಇದೆಯಾ ನೋಡಿ. ಟೆಕ್ಸ್ಟ್ ಎಂದಿದ್ದರೆ ಬದಲಿಸಿ.
4. ಕೆಳಗಿನ ಆಪ್ಷನ್ಸ್ ಬಟನ್ ಒತ್ತಿ. ಮೇಲೆ-ಕೆಳಗೆ 1 ಪಾಯಿಂಟ್, ಎಡ-ಬಲ 4 ಪಾಯಿಂಟ್ ಎಂದು ಮೊದಲೇ ಇರುತ್ತದೆ. ನಾಲ್ಕನ್ನೂ 8 ಮಾಡಿ.

ಗೆರೆಯೇ ಬೇಡ ಎಂದಾದರೆ ಅದನ್ನು ಹಾಕುವುದೇಕೆ ಅಂದರೆ, ಗೆರೆ ಇದ್ದಾಗಲೇ ಈ ದೂರದ ಲೆಕ್ಕ ಕೆಲಸ ಮಾಡುವುದು. ಇನ್ನೊಂದು ಸಣ್ಣ ಕಿರಿಕಿರಿ ಉಳಿದಿದೆ. ಈಗ ಬಾಕ್ಸ್ ಎರಡೂ ಕಡೆ 8 ಪಾಯಿಂಟ್‌ನಷ್ಟು ಮಾರ್ಜಿನ್ ದಾಟಿ ಹೊರಗೆ ಚಾಚಿರುತ್ತದೆ. ಕೆಳಗಿನ ಸಾಲುಗಳ ಅಂಚಿಗೂ ಬಾಕ್ಸಿನ ಅಂಚಿಗೂ ತಾಳೆ ಆಗುವುದಿಲ್ಲ. ಲೇಔಟ್ ಟ್ಯಾಬಿಗೆ ಹೋಗಿ ಇಂಡೆಂಟ್ ಲೆಫ್ಟ್, ಇಂಡೆಂಟ್ ರೈಟ್ ಎರಡಕ್ಕೂ 0.3 ಸೆಂ.ಮೀ. ಕೊಡಿ. 8 ಪಾಯಿಂಟ್ ಅಂದರೆ ಸುಮಾರು ಅಷ್ಟೇ. ಅಂಚು ಸರಿಯಾಗಿ ಕೂರುತ್ತದೆ.

ಬಾಕ್ಸ್ ಪುಟದಗಲ ಬೇಡ, ನಡುವೆ ಚಿಕ್ಕದಾಗಿ ಸಾಕು ಅನ್ನುವವರು ಅದೇ ಇಂಡೆಂಟ್‌ಗಳನ್ನು 3-4 ಸೆಂ.ಮೀ.ಗೆ ಏರಿಸಿ. ಪ್ಯಾರಾದ ಬಣ್ಣದ ಅಂಚು ಯಾವಾಗಲೂ ಇಂಡೆಂಟ್ ಸರಿದ ಹಾಗೆಯೇ ಸರಿಯುತ್ತದೆ.

ಇದೇ ಗುಣ ಕಾರ್ಯಸೂಚಿಯಲ್ಲಿ ಕಾಟ ಕೊಡುತ್ತದೆ. ‘ಕಾರ್ಯಸೂಚಿ’ ಎಂಬ ತಲೆಬರಹ ಒಂದು ಇಂಡೆಂಟ್, 1, 2, 3 ಎಂದು ನಂಬರ್ ಹಾಕಿದ ಸಾಲುಗಳು ಇನ್ನೊಂದು ಇಂಡೆಂಟ್. ಎಲ್ಲಕ್ಕೂ ಒಟ್ಟಿಗೆ ಬಣ್ಣ ಹಾಕಿದರೆ ಎಡ ಅಂಚು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಇಂಡೆಂಟ್ ಸರಿಮಾಡುತ್ತಾ ಕೂರುವ ಬದಲು ಒಂದು ಸುಲಭದ ದಾರಿ ಇದೆ. ಇನ್ಸರ್ಟ್ ಟ್ಯಾಬಿನಿಂದ ಒಂದೇ ಖಾನೆಯ ಟೇಬಲ್ ಹಾಕಿ, ಕಾರ್ಯಸೂಚಿಯನ್ನೆಲ್ಲ ಅದರೊಳಗೆ ಪೇಸ್ಟ್ ಮಾಡಿ, ಬಣ್ಣವನ್ನು ಆ ಖಾನೆಗೆ ಕೊಡಿ. ಒಳಗೆ ಎಷ್ಟು ತರದ ಪ್ಯಾರಾ ಇದ್ದರೂ ಹೊರ ಅಂಚು ನೇರವಾಗಿರುತ್ತದೆ. ಒಂದಕ್ಕಿಂತ ಹೆಚ್ಚು ತರದ ಸಾಲುಗಳಿರುವ ಬಾಕ್ಸಿಗೆಲ್ಲ ನಾನು ಇದನ್ನೇ ಮಾಡುವುದು.

ಮೊದಲು ತೆರೆದ ಬಾರ್ಡರ್ಸ್ ಆ್ಯಂಡ್ ಶೇಡಿಂಗ್ ಕಿಟಕಿಯ ಶೇಡಿಂಗ್ ಟ್ಯಾಬಿನಲ್ಲಿ ಪ್ಯಾಟರ್ನ್ಸ್ ಎಂಬ ಇನ್ನೊಂದು ಆಯ್ಕೆ ಕಾಣುತ್ತದೆ. ಶೇಕಡಾ 5, ಶೇಕಡಾ 10 ಎನ್ನುವ ಚುಕ್ಕಿಗಳು, ಅಡ್ಡಗೆರೆ, ಓರೆಗೆರೆ. ಅದನ್ನು ಕ್ಲಿಯರ್ ಎಂದೇ ಬಿಡಿ. ಚುಕ್ಕಿ ಹಿನ್ನೆಲೆಯ ಮೇಲೆ ಕನ್ನಡ ಓದೋಕೆ ಹಿಂಸೆ. ಅನುಸ್ವಾರ ಯಾವುದು, ಚುಕ್ಕಿ ಯಾವುದು ಎಂದು ಹುಡುಕಬೇಕಾಗುತ್ತದೆ. ಫಿಲ್ ಬಣ್ಣ ಎಷ್ಟು ಬದಲಿಸಿದರೂ ಬದಲಾಗುತ್ತಿಲ್ಲ ಎನ್ನುವಾಗಲೂ ಇಲ್ಲೇ ನೋಡಿ. ಯಾರೋ ಸಾಲಿಡ್ ಆರಿಸಿಟ್ಟಿದ್ದರೆ ಅದು ಫಿಲ್ ಬಣ್ಣವನ್ನು ಪೂರ್ತಿ ಮುಚ್ಚಿಬಿಟ್ಟಿರುತ್ತದೆ.

ಐದಾರು ಬಾಕ್ಸ್ ಇದ್ದರೆ ಸ್ಟೈಲ್ ಮಾಡಿ

ಸ್ಮರಣ ಸಂಚಿಕೆ, ಕೈಪಿಡಿ, ಪಾಠದ ನೋಟ್ಸ್ ಇಂಥದ್ದರಲ್ಲಿ ಒಂದೇ ತರದ ಬಾಕ್ಸ್ ಹತ್ತಾರು ಕಡೆ ಬರುತ್ತದೆ. ಒಂದೊಂದಕ್ಕೂ ಬಣ್ಣ ಹಾಕುತ್ತಾ ಹೋಗಬೇಡಿ. ಒಂದನ್ನು ಚೆನ್ನಾಗಿ ರೆಡಿ ಮಾಡಿ, ಅದರೊಳಗೆ ಕರ್ಸರ್ ಇಟ್ಟು, ಹೋಮ್ ಟ್ಯಾಬಿನ ಸ್ಟೈಲ್ಸ್ ಗ್ಯಾಲರಿ ತೆರೆದು ಕ್ರಿಯೇಟ್ ಎ ಸ್ಟೈಲ್ ಒತ್ತಿ. ಹೆಸರನ್ನು ಕನ್ನಡದಲ್ಲೇ ಕೊಡಬಹುದು: ‘ಸೂಚನೆ ಬಾಕ್ಸ್’. ಆಮೇಲೆ ಬೇಕಾದ ಪ್ಯಾರಾದಲ್ಲಿ ಕರ್ಸರ್ ಇಟ್ಟು ಆ ಹೆಸರು ಒತ್ತಿದರೆ ಮುಗಿಯಿತು.

ಇದರ ಲಾಭ ಗೊತ್ತಾಗುವುದು ಕೊನೆ ಗಳಿಗೆಯಲ್ಲಿ. ‘ಹಳದಿ ಬೇಡ, ತೆಳು ನೀಲಿ ಇರಲಿ’ ಎಂದು ಅಧ್ಯಕ್ಷರು ಹೇಳಿದರೆ ಸ್ಟೈಲ್ ಹೆಸರಿನ ಮೇಲೆ ರೈಟ್ ಕ್ಲಿಕ್, ಮಾಡಿಫೈ, ಕೆಳಗಿನ ಫಾರ್ಮ್ಯಾಟ್ ಬಟನ್, ಅದರಲ್ಲಿ ಬಾರ್ಡರ್. ಬಣ್ಣ ಬದಲಿಸಿ ಓಕೆ ಕೊಟ್ಟರೆ ಎಲ್ಲ ಬಾಕ್ಸೂ ಒಟ್ಟಿಗೆ ಬದಲಾಗುತ್ತವೆ. ಮೂರ್ನಾಲ್ಕೇ ಇದ್ದರೆ ಸ್ಟೈಲ್ ಕೂಡ ಬೇಡ. ಒಂದಕ್ಕೆ ಬಣ್ಣ ಹಾಕಿ, ಮುಂದಿನದನ್ನು ಸೆಲೆಕ್ಟ್ ಮಾಡಿ ಎಫ್4 ಒತ್ತಿ. ಕಡೆಯದಾಗಿ ಮಾಡಿದ ಕೆಲಸವನ್ನು ಅದು ಮತ್ತೆ ಮಾಡುತ್ತದೆ.

ಜಮಾ-ಖರ್ಚಿನ ಟೇಬಲ್

ಟೇಬಲ್ಲಿನಲ್ಲಿ ಮೊದಲು ಕಲಿಯಬೇಕಾದದ್ದು ಖಾನೆಯನ್ನು ಹಿಡಿಯುವ ಬಗೆ. ಖಾನೆಯ ಎಡ ಅಂಚಿಗೆ ಮೌಸ್ ಒಯ್ದರೆ ಅದು ಕಪ್ಪು ಪುಟ್ಟ ಬಾಣವಾಗುತ್ತದೆ. ಆಗ ಒಂದು ಕ್ಲಿಕ್ ಮಾಡಿದರೆ ಇಡೀ ಖಾನೆ ಸೆಲೆಕ್ಟ್ ಆಗುತ್ತದೆ. ಹಾಗಲ್ಲದೆ ಒಳಗಿನ ಅಕ್ಷರಗಳನ್ನು ಎಳೆದು ಸೆಲೆಕ್ಟ್ ಮಾಡಿದರೆ ಬಣ್ಣ ಅಕ್ಷರದ ಹಿಂದೆ ಮಾತ್ರ ಬಿದ್ದು, ಸುತ್ತ ಬಿಳಿ ಉಳಿಯುತ್ತದೆ. ಸಂಘಗಳ ಲೆಕ್ಕಪತ್ರಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ!

ತಲೆಸಾಲಿಗೆ ಕಡುಬಣ್ಣ ಕೊಡುವುದು ರೂಢಿ. ಸಾಲನ್ನು ಸೆಲೆಕ್ಟ್ ಮಾಡಿ, ಟೇಬಲ್ ಡಿಸೈನ್ ಟ್ಯಾಬಿನ ಶೇಡಿಂಗ್‌ನಲ್ಲಿ ಮೋರ್ ಕಲರ್ಸ್, ಕಸ್ಟಮ್‌ಗೆ ಹೋಗಿ. ಕೆಂಪು 31, ಹಸಿರು 56, ನೀಲಿ 100 ಎಂದು ತುಂಬಿ. ಕಡುನೀಲಿ ಬರುತ್ತದೆ. ಅಕ್ಷರದ ಬಣ್ಣ ಆಟೊಮ್ಯಾಟಿಕ್ ಎಂದಿದ್ದರೆ ಅಕ್ಷರ ತಾನಾಗಿ ಬಿಳಿಯಾಗುತ್ತದೆ. ಕಪ್ಪು ಎಂದು ನೀವೇ ಆರಿಸಿಟ್ಟಿದ್ದರೆ ಆಗುವುದಿಲ್ಲ, ಕಡುನೀಲಿಯ ಮೇಲೆ ಕಪ್ಪು ಅಕ್ಷರ ಮುಳುಗಿ ಹೋಗುತ್ತದೆ. ಫಾಂಟ್ ಕಲರ್‌ನಲ್ಲಿ ಆಟೊಮ್ಯಾಟಿಕ್ ಅಥವಾ ಬಿಳಿ ಆರಿಸಿ, ಜೊತೆಗೆ ಬೋಲ್ಡ್ ಮಾಡಿ. ಕಡುಬಣ್ಣದ ಮೇಲೆ ಸಣ್ಣ ಬಿಳಿ ಅಕ್ಷರದ ಒತ್ತುಗಳು ಪ್ರಿಂಟಿನಲ್ಲಿ ತುಂಬಿಕೊಂಡುಬಿಡುತ್ತವೆ.

ಸಾಲು ಬಿಟ್ಟು ಸಾಲಿಗೆ ಬಣ್ಣ ಬೇಕಾ? ಕೈಯಲ್ಲಿ ಹಾಕಬೇಡಿ. ಟೇಬಲ್ ಡಿಸೈನ್‌ನಲ್ಲಿ ಬ್ಯಾಂಡೆಡ್ ರೋಸ್ ಟಿಕ್ ಇರಲಿ, ಪಕ್ಕದ ಟೇಬಲ್ ಸ್ಟೈಲ್‌ಗಳಲ್ಲಿ ಪಟ್ಟೆ ಇರುವ ಒಂದನ್ನು ಆರಿಸಿ. ಕೈಯಲ್ಲಿ ಹಾಕಿದ್ದರೆ, ‘ಬೋರ್‌ವೆಲ್ ರಿಪೇರಿ ಬಿಟ್ಟುಹೋಗಿದೆ’ ಎಂದು ನಡುವೆ ಒಂದು ಸಾಲು ಸೇರಿಸಿದ ಕೂಡಲೇ ಪಟ್ಟೆಯೆಲ್ಲ ಕೆಡುತ್ತದೆ. ಸ್ಟೈಲ್‌ನಿಂದ ಬಂದ ಪಟ್ಟೆ ತಾನೇ ಸರಿಹೋಗುತ್ತದೆ. ಅಲ್ಲೇ ಟೋಟಲ್ ರೋ ಎಂದೂ ಒಂದಿದೆ. ಒಟ್ಟು ಮೊತ್ತದ ಸಾಲು ಬೇರೆ ಕಾಣಬೇಕಾದರೆ ಅದಕ್ಕೂ ಟಿಕ್ ಹಾಕಿ. ಟೇಬಲ್ ಎರಡನೇ ಪುಟಕ್ಕೆ ಹೋದರೆ ಟೇಬಲ್ ಡಿಸೈನ್ ಪಕ್ಕದಲ್ಲೇ ಇರುವ ಟೇಬಲ್ಲಿನ ಲೇಔಟ್ ಟ್ಯಾಬಿನಲ್ಲಿ ರಿಪೀಟ್ ಹೆಡರ್ ರೋಸ್ ಒತ್ತಿ, ಬಣ್ಣದ ತಲೆಸಾಲು ಅಲ್ಲೂ ಬರುತ್ತದೆ.

ಇಡೀ ಪುಟಕ್ಕೆ

ಡಿಸೈನ್ ಟ್ಯಾಬ್, ಪೇಜ್ ಕಲರ್. ಅಷ್ಟೇ ಸುಲಭ. ಕೆಳಗಿನ ಫಿಲ್ ಎಫೆಕ್ಟ್ಸ್‌ನಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಕರಗುವ ಗ್ರೇಡಿಯೆಂಟ್, ಬಟ್ಟೆ-ಮರದಂಥ ಟೆಕ್ಸ್ಚರ್, ಪ್ಯಾಟರ್ನ್, ಚಿತ್ರ ಎಲ್ಲ ಸಿಗುತ್ತವೆ. ಆದರೆ ಪ್ರಿಂಟ್ ಕೊಟ್ಟರೆ ಬಿಳಿ ಹಾಳೆಯೇ ಬರುತ್ತದೆ. ಪ್ರಿಂಟರ್ ಕೆಟ್ಟಿಲ್ಲ. ಪುಟದ ಬಣ್ಣವನ್ನು ವರ್ಡ್ ತಾನಾಗಿ ಪ್ರಿಂಟ್ ಮಾಡುವುದಿಲ್ಲ. ಫೈಲ್, ಆಪ್ಷನ್ಸ್, ಡಿಸ್‌ಪ್ಲೇಗೆ ಹೋಗಿ ಪ್ರಿಂಟ್ ಬ್ಯಾಕ್‌ಗ್ರೌಂಡ್ ಕಲರ್ಸ್ ಆ್ಯಂಡ್ ಇಮೇಜಸ್ ಎಂಬುದಕ್ಕೆ ಟಿಕ್ ಹಾಕಬೇಕು. ಹಾಕಿದರೂ ಹೆಚ್ಚಿನ ಪ್ರಿಂಟರ್‌ಗಳು ಹಾಳೆಯ ತುದಿಯವರೆಗೆ ಹೋಗುವುದಿಲ್ಲ, ಸುತ್ತ ತೆಳು ಬಿಳಿ ಅಂಚು ಉಳಿಯುತ್ತದೆ.

ನನ್ನನ್ನು ಕೇಳಿದರೆ, ಹಂಚುವ ನೋಟಿಸಿಗೆ ಪುಟದ ಬಣ್ಣ ದಂಡ. ಇಂಕೆಲ್ಲ ಅದಕ್ಕೇ ಸುರಿಯುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಹಳದಿ, ಗುಲಾಬಿ, ಹಸಿರು ಎ4 ಹಾಳೆ ಸಿಗುತ್ತದೆ. ಬಿಳಿಯಲ್ಲಿ ಪ್ರಿಂಟ್ ತೆಗೆದು ಬಣ್ಣದ ಹಾಳೆಗೆ ಜೆರಾಕ್ಸ್ ಮಾಡಿಸಿ. ಪುಟದ ಬಣ್ಣ ಚೆನ್ನಾಗಿರುವುದು ವಾಟ್ಸಾಪ್‌ನಲ್ಲಿ ಕಳಿಸುವ ಆಮಂತ್ರಣದಂಥದ್ದಕ್ಕೆ.

ಪೇಜ್ ಕಲರ್ ಹಾಕಿದರೆ ಇಡೀ ಫೈಲಿಗೆ ಬರುತ್ತದೆ. ಮುಖಪುಟಕ್ಕೆ ಮಾತ್ರ ಬೇಕಾದರೆ ಇನ್ಸರ್ಟ್, ಶೇಪ್ಸ್‌ನಿಂದ ಪುಟದಷ್ಟು ದೊಡ್ಡ ಆಯತ ಎಳೆಯಿರಿ. ಶೇಪ್ ಫಿಲ್‌ನಲ್ಲಿ ಬಣ್ಣ ಕೊಡಿ, ಶೇಪ್ ಔಟ್‌ಲೈನ್‌ನಲ್ಲಿ ನೋ ಔಟ್‌ಲೈನ್ ಆರಿಸಿ. ಪಕ್ಕದಲ್ಲಿ ಕಾಣುವ ಲೇಔಟ್ ಆಪ್ಷನ್ಸ್‌ನಲ್ಲಿ ಬಿಹೈಂಡ್ ಟೆಕ್ಸ್ಟ್ ಆರಿಸಿದರೆ ಆಯತ ಅಕ್ಷರಗಳ ಹಿಂದೆ ಸರಿಯುತ್ತದೆ. ಫಿಕ್ಸ್ ಪೊಸಿಷನ್ ಆನ್ ಪೇಜ್ ಎಂಬುದನ್ನೂ ಒತ್ತಿಡಿ, ಇಲ್ಲವಾದರೆ ಸಾಲು ಸೇರಿಸಿದಂತೆಲ್ಲ ಅದು ಕೆಳಗೆ ಜಾರುತ್ತದೆ.

ಯಾವ ಬಣ್ಣ?

ರಾಜ್ಯೋತ್ಸವದ ನೋಟಿಸ್ ಅಂದರೆ ಹಳದಿ ಮೇಲೆ ಕೆಂಪು ಅಕ್ಷರ, ಅಲ್ವಾ? ದೊಡ್ಡ ತಲೆಬರಹಕ್ಕೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಸಣ್ಣ ಅಕ್ಷರಕ್ಕೆ ಅದು ಕಷ್ಟ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸವನ್ನು ಅಳೆಯುವ ಒಂದು ಅಂತರರಾಷ್ಟ್ರೀಯ ಲೆಕ್ಕವಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕು ಎನ್ನುತ್ತದೆ ಅದು. ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪು ಇಟ್ಟರೆ ಬರುವುದು ಸುಮಾರು 3.7. ತಲೆಬರಹಕ್ಕೆ ಪಾಸ್, ಒಳಗಿನ ಸಾಲುಗಳಿಗೆ ಫೇಲ್. ಕೆಂಪಿನ ಬದಲು ಕೆಂಪು 128, ಹಸಿರು 0, ನೀಲಿ 0 ಎಂದು ಕೊಟ್ಟು ಕಡುಗೆಂಪು ಮಾಡಿದರೆ ಅದೇ 10ರ ಹತ್ತಿರ ಹೋಗುತ್ತದೆ. ಕಪ್ಪು ಅಕ್ಷರವಾದರೆ 19 ದಾಟುತ್ತದೆ.

ಬಾಕ್ಸಿನ ಹಿನ್ನೆಲೆಗೆ ನಾನು ಹೆಚ್ಚಾಗಿ ಹಾಕುವುದು 255, 242, 204. ಬೆಣ್ಣೆಯಂಥ ತೆಳು ಹಳದಿ. ಬೂದು ಬೇಕಾದರೆ ಮೂರಕ್ಕೂ 242.

ನೋಟಿಸ್ ಕಪ್ಪು-ಬಿಳುಪು ಜೆರಾಕ್ಸಿಗೆ ಹೋಗುವುದಾದರೆ ಬಣ್ಣದ ಲೆಕ್ಕವೇ ಬೇರೆ. ಅಲ್ಲಿ ತೆಳು ಹಸಿರೂ ತೆಳು ಗುಲಾಬಿಯೂ ಒಂದೇ ಬೂದು ಆಗಿಬಿಡುತ್ತವೆ. ‘ಹಸಿರು ಸಾಲಿನವರು ಹಣ ಕಟ್ಟಿದ್ದಾರೆ, ಗುಲಾಬಿಯವರು ಬಾಕಿ’ ಎಂದು ಬರೆದಿದ್ದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದವರಿಗೂ ಅಷ್ಟೇ. ‘ಬಾಕಿ’ ಎಂಬ ಪದವನ್ನೇ ಒಂದು ಕಾಲಂನಲ್ಲಿ ಬರೆದುಬಿಡಿ, ಬಣ್ಣ ಅದರ ಜೊತೆಗೆ ಇರಲಿ. ಬೂದು ಜಾಸ್ತಿ ಗಾಢವಾದರೆ ಜೆರಾಕ್ಸಿನಲ್ಲಿ ಕಲೆ ಕಲೆಯಾಗಿ ಬರುತ್ತದೆ. ಒಂದು ಪ್ರತಿ ಜೆರಾಕ್ಸ್ ಮಾಡಿಸಿ ನೋಡಿ, ಆಮೇಲೆ ಇನ್ನೂರಕ್ಕೆ ಹೇಳಿ.

ವರ್ಡ್ ಇಲ್ಲದವರಿಗೆ

ಲಿಬ್ರೆಆಫೀಸ್ ರೈಟರ್‌ನಲ್ಲಿ ಫಾರ್ಮ್ಯಾಟ್ ಮೆನುವಿನ ಪ್ಯಾರಾಗ್ರಾಫ್ ತೆರೆದು ಏರಿಯಾ ಟ್ಯಾಬಿಗೆ ಹೋಗಿ. ಅಕ್ಷರಕ್ಕಾದರೆ ಕ್ಯಾರೆಕ್ಟರ್, ಹೈಲೈಟಿಂಗ್. ಪುಟಕ್ಕಾದರೆ ಪೇಜ್ ಸ್ಟೈಲ್, ಏರಿಯಾ. ಒಂದು ವಿಷಯದಲ್ಲಿ ಇದು ವರ್ಡ್‌ಗಿಂತ ವಾಸಿ. ಮುಖಪುಟಕ್ಕೆ ಬೇರೆ ಪೇಜ್ ಸ್ಟೈಲ್ ಕೊಟ್ಟರೆ ಅದೊಂದಕ್ಕೇ ಬಣ್ಣ ಬರುತ್ತದೆ, ಆಯತದ ಉಪಾಯ ಬೇಕಿಲ್ಲ. ಗೂಗಲ್ ಡಾಕ್ಸ್‌ನಲ್ಲಿ ಪ್ಯಾರಾಕ್ಕೆ ಫಾರ್ಮ್ಯಾಟ್, ಪ್ಯಾರಾಗ್ರಾಫ್ ಸ್ಟೈಲ್ಸ್, ಬಾರ್ಡರ್ಸ್ ಆ್ಯಂಡ್ ಶೇಡಿಂಗ್. ಪುಟಕ್ಕೆ ಫೈಲ್, ಪೇಜ್ ಸೆಟಪ್. ಟೇಬಲ್ ಖಾನೆಗೆ ರೈಟ್ ಕ್ಲಿಕ್ ಮಾಡಿ ಟೇಬಲ್ ಪ್ರಾಪರ್ಟೀಸ್.

ಹೋಗದ ಬೂದು ಬಣ್ಣ

ವೆಬ್‌ಸೈಟಿನಿಂದಲೋ ಇಮೇಲಿನಿಂದಲೋ ಕಾಪಿ ಮಾಡಿ ತಂದ ಸಾಲುಗಳ ಹಿಂದೆ ಬೂದು ಅಥವಾ ಕೆನೆಬಣ್ಣ ಅಂಟಿಕೊಂಡು ಬರುತ್ತದೆ. ಹೈಲೈಟ್ ಬಟನ್ನಿನಲ್ಲಿ ನೋ ಕಲರ್ ಕೊಟ್ಟರೂ ಹೋಗುವುದಿಲ್ಲ. ಎಷ್ಟೋ ಜನ ಸೋತು ಮತ್ತೆ ಟೈಪ್ ಮಾಡುತ್ತಾರೆ. ಅದು ಹೈಲೈಟ್ ಅಲ್ಲ, ಶೇಡಿಂಗ್. ಸೆಲೆಕ್ಟ್ ಮಾಡಿ, ಶೇಡಿಂಗ್ ಬಟನ್ನಿನ ಬಾಣದಲ್ಲಿ ನೋ ಕಲರ್ ಕೊಡಿ.

ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್-ಸ್ಪೇಸ್ ಒತ್ತಿ, ಅಕ್ಷರಕ್ಕೆ ಅಂಟಿದ್ದು ಹೋಗುತ್ತದೆ. ಕಂಟ್ರೋಲ್-ಕ್ಯೂ ಒತ್ತಿದರೆ ಪ್ಯಾರಾಕ್ಕೆ ಅಂಟಿದ್ದು ಹೋಗುತ್ತದೆ. ಆದರೆ ನೀವೇ ಮಾಡಿದ್ದ ಬೋಲ್ಡ್, ಇಂಡೆಂಟ್ ಕೂಡ ಜೊತೆಗೆ ಹೋಗುತ್ತವೆ, ನೋಡಿಕೊಳ್ಳಿ. ಹೈಲೈಟ್ ಮಾತ್ರ ಈ ಎರಡಕ್ಕೂ ಜಗ್ಗುವುದಿಲ್ಲ. ಅದಕ್ಕೆ ಮಾರ್ಕರ್ ಬಟನ್ನೇ ಬೇಕು.

ಬಣ್ಣ ಎಲ್ಲಿಂದ ಬಂತು ಎಂದು ಗೊತ್ತೇ ಆಗದಿದ್ದರೆ ಆ ಸಾಲಿನಲ್ಲಿ ಕರ್ಸರ್ ಇಟ್ಟು ಶಿಫ್ಟ್-ಎಫ್1 ಒತ್ತಿ. ಲ್ಯಾಪ್‌ಟಾಪ್ ಆದರೆ ಎಫ್‌ಎನ್ ಕೀಯನ್ನೂ ಸೇರಿಸಬೇಕಾಗಬಹುದು. ಬಲಗಡೆ ರಿವೀಲ್ ಫಾರ್ಮ್ಯಾಟಿಂಗ್ ಎಂಬ ಪಟ್ಟಿ ತೆರೆಯುತ್ತದೆ. ಫಾಂಟ್‌ನ ಕೆಳಗೆ ಏನಿದೆ, ಪ್ಯಾರಾಗ್ರಾಫ್‌ನ ಕೆಳಗೆ ಏನಿದೆ ಎಂದು ಬೇರೆ ಬೇರೆಯಾಗಿ ಬರೆದಿರುತ್ತದೆ. ಕೆಳಗಿನ ಡಿಸ್ಟಿಂಗ್ವಿಶ್ ಸ್ಟೈಲ್ ಸೋರ್ಸ್‌ಗೆ ಟಿಕ್ ಹಾಕಿದರೆ ಸ್ಟೈಲ್‌ನಿಂದ ಬಂದದ್ದು ಯಾವುದು, ಕೈಯಲ್ಲಿ ಹಾಕಿದ್ದು ಯಾವುದು ಎಂಬುದೂ ತಿಳಿಯುತ್ತದೆ. ಸ್ಟೈಲ್‌ನಿಂದ ಬಂದಿದ್ದರೆ ಸ್ಟೈಲನ್ನೇ ತಿದ್ದಿ.

ಇದ್ಯಾವುದೂ ಬೇಡ ಎಂದರೆ ಪೇಸ್ಟ್ ಮಾಡುವಾಗಲೇ ರೈಟ್ ಕ್ಲಿಕ್ ಮಾಡಿ ಕೀಪ್ ಟೆಕ್ಸ್ಟ್ ಓನ್ಲಿ ಆರಿಸಿ. ಹೊಸ ಆವೃತ್ತಿಗಳಲ್ಲಿ ಕಂಟ್ರೋಲ್-ಶಿಫ್ಟ್-ವಿ ಕೂಡ ಇದೇ ಕೆಲಸ ಮಾಡುತ್ತದೆ. ಬರೀ ಅಕ್ಷರ ಬರುತ್ತದೆ, ಬಣ್ಣ ಅಲ್ಲೇ ಉಳಿಯುತ್ತದೆ.